ಕಾರ್ಬೊರೇಟರ್ ಬಿಚ್ಚೋ ಮುಂಚೆ ಪ್ಲಗ್ ವೈರು ಮುಟ್ಟಿ ನೋಡಿ

ಪ್ರಶ್ನೆ: ನಮ್ಮ ತಂದೆಯವರ 1985ರ ಅಂಬಾಸಿಡರ್ ಮಾರ್ಕ್ 4 ಇದೆ. ಜೆ.ಸಿ. ರೋಡಿನಿಂದ ಹೊಸ ಪ್ಲಗ್ ವೈರ್ ಸೆಟ್ ತಂದು ಹಾಕಿಸಿದೆ. ಅವತ್ತಿನಿಂದ ಸಿಗ್ನಲ್‌ನಲ್ಲಿ ನಿಂತರೆ ಇಡೀ ಗಾಡಿ ನಡುಗುತ್ತದೆ, ಮಳೆ ಬಂದರೆ ಮಿಸ್ಸಿಂಗ್ (ಇಂಜಿನ್ ತಡವರಿಸುವುದು) ಇನ್ನೂ ಜಾಸ್ತಿ. ಮೆಕ್ಯಾನಿಕ್ ಮೂರು ಸಲ ಕಾರ್ಬೊರೇಟರ್ ಬಿಚ್ಚಿದ್ದಾಯಿತು.
– ಬಸವನಗುಡಿಯ ಓದುಗರು

ಉತ್ತರ: ಮೊದಲು ಅವನ ಕೈಯಿಂದ ಸ್ಕ್ರೂಡ್ರೈವರ್ ಕಿತ್ತುಕೊಳ್ಳಿ. ಈ ತಿಂಗಳು ಇಂಥದ್ದು ನಾಲ್ಕನೇ ಪತ್ರ, ನಾಲ್ಕರಲ್ಲೂ ಏಟು ತಿಂದದ್ದು ಪಾಪದ ಕಾರ್ಬೊರೇಟರೇ. ವೈರ್ ಬದಲಿಸಿದ ದಿನ ಶುರುವಾದ ಕಾಯಿಲೆ ಸ್ವಾಮಿ ಇದು!

ಇಂಜಿನ್ ಆಫ್ ಮಾಡಿ, ಆರಲಿ. ಎಲ್ಲರೂ ಪ್ಲಗ್ ಕಡೆ ನೋಡಿ ಕೈತೊಳೆದುಕೊಳ್ಳುತ್ತಾರೆ. ನೀವು ಡಿಸ್ಟ್ರಿಬ್ಯೂಟರ್ ಕ್ಯಾಪಿನಿಂದ, ಅಂದರೆ ಪ್ಲಗ್‌ಗಳಿಗೆ ಸರದಿಯಂತೆ ಕರೆಂಟ್ ಹಂಚುವ ಡಬ್ಬಿಯ ಮುಚ್ಚಳದಿಂದ, ಶುರು ಮಾಡಿ. ರಬ್ಬರ್ ಟೋಪಿ ಚೆನ್ನಾಗಿ ಕೂತಂತೆ ಕಾಣುತ್ತದೆ, ಒಳಗಿನ ಲೋಹದ ತುದಿ ಮಾತ್ರ ತಳ ಮುಟ್ಟಿರುವುದಿಲ್ಲ. ಟೋಪಿಯೊಳಗೆ ಸಿಕ್ಕಿಕೊಂಡ ಗಾಳಿ ಅದನ್ನು ಮೇಲಕ್ಕೆ ದಬ್ಬುತ್ತಿರುತ್ತದೆ. ಅಂಚನ್ನು ಕೊಂಚ ಎತ್ತಿ ಗಾಳಿ ಬಿಟ್ಟು ವೈರ್ ಒತ್ತಿ. ತಳ ಸಿಕ್ಕಿದ್ದು ಬೆರಳಿಗೇ ಗೊತ್ತಾಗುತ್ತದೆ. ತೂತಿನೊಳಗೆ ಹಸಿರು ಕಿಲುಬು ಕಂಡರೆ ಕೆರೆದು ತೆಗೆಯಿರಿ. ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಹುಟ್ಟಿಸುವ ಕಾಯಿಲ್‌ನಿಂದ ಬರುವ ನಡುವಿನ ವೈರನ್ನೂ ಹೀಗೇ ನೋಡಿ, ಅದನ್ನು ಮರೆಯುವವರೇ ಹೆಚ್ಚು.

ಲ್ಯೂಕಸ್ ಕಂಪನಿಯ ಕೆಲವು ಹಳೆ ಕ್ಯಾಪ್‌ಗಳಲ್ಲಿ ಮೊನೆ ಸ್ಕ್ರೂ ವೈರಿಗೆ ಚುಚ್ಚಿ ಹಿಡಿಯುತ್ತದೆ. ಅದಕ್ಕೆ ತಾಮ್ರದ ಎಳೆಯ ವೈರೇ ಬೇಕು. ಅಂಗಡಿಯವರು ಕೊಟ್ಟದ್ದು ಕಾರ್ಬನ್ ಎಳೆಯ ವೈರಾಗಿದ್ದರೆ ಸ್ಕ್ರೂಗೆ ಹಿಡಿತವೇ ಸಿಗದು.

ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳಲ್ಲಿ ಕಿಡಿ ಬೀಳುವ ಸರದಿ) 1-3-4-2, ಕ್ಯಾಪಿನೊಳಗಿನ ರೋಟರ್ ತಿರುಗುವುದು ಗಡಿಯಾರಕ್ಕೆ ವಿರುದ್ಧ; ವೈರ್‌ಗಳು ಕ್ಯಾಪಿನಲ್ಲಿ ಇದೇ ಲೆಕ್ಕದಲ್ಲಿ ಕೂತಿರಬೇಕು. ಒಂದನೇ ಸಿಲಿಂಡರ್ ರೇಡಿಯೇಟರ್ ಕಡೆಯದು. ಆರ್ಡರ್ ಸರಿಯಿದ್ದರೂ ಇನ್ನೊಂದು ಕಿರಿಕಿರಿ ಇದೆ. ಮೂರರ ಬೆನ್ನಿಗೇ ನಾಲ್ಕು ಹೊಡೆಯುತ್ತದೆ, ಎರಡರ ಬೆನ್ನಿಗೇ ಒಂದು. ಅಂದವಾಗಿ ಕಾಣಲೆಂದು ಈ ಜೋಡಿಗಳನ್ನು ಜಡೆ ಹೆಣೆದಂತೆ ಕಟ್ಟಿದರೆ ಒಂದರ ಕರೆಂಟಿನ ಪ್ರಭಾವಕ್ಕೆ ಇನ್ನೊಂದರಲ್ಲೂ ಕರೆಂಟ್ ಹುಟ್ಟಿ, ಹೊತ್ತಲ್ಲದ ಹೊತ್ತಿನಲ್ಲಿ ಕಿಡಿ ಬೀಳುತ್ತದೆ. ಒಂದಿಂಚು ದೂರ ಬಿಡಿ.

ಆಮೇಲೂ ಅನುಮಾನವೇ? ರಾತ್ರಿ ಲೈಟ್ ಆರಿಸಿ, ಇಂಜಿನ್ ಓಡಿಸಿ, ಕೈ ಕಟ್ಟಿಕೊಂಡು ದೂರದಿಂದ ನೋಡಿ. ಕರೆಂಟ್ ಸೋರುವ ಕಡೆ ನೀಲಿ ಕಿಡಿ ಚಟಪಟ ಅನ್ನುತ್ತದೆ.

ಪ್ರಶ್ನೆ: ಇಂಜಿನ್ ಓಡುವಾಗ ಒಂದೊಂದೇ ವೈರ್ ಕಿತ್ತು ನೋಡಬಹುದೇ?
ಉತ್ತರ: ಬೇಡ. ಅಲ್ಲಿರುವುದು ಸಾವಿರಾರು ವೋಲ್ಟ್. ನಾನು ಹಾಗೆ ಮಾಡಲು ಹೋಗಿ, ಬೆಚ್ಚಿಬಿದ್ದು, ಬಾನೆಟ್ಟಿಗೆ ತಲೆ ಹೊಡೆಸಿಕೊಂಡವನು. ಪೇಸ್‌ಮೇಕರ್ ಇದ್ದವರು ಹತ್ತಿರವೂ ಸುಳಿಯಬಾರದು.

ಪ್ರಶ್ನೆ: ಕ್ಯಾಪಿನ ಬಿರುಕಿಗೆ ಎಂ-ಸೀಲ್ ಹಚ್ಚಿದರೆ ಸಾಕು ಅನ್ನುತ್ತಾರೆ?
ಉತ್ತರ: ಅದನ್ನು ನಲ್ಲಿಗೆ ಹಚ್ಚಿ. ಕ್ಯಾಪ್ ಹೊಸದು ತನ್ನಿ.

ಪ್ರಶ್ನೆ: ಕೆಂಪು 'ರೇಸಿಂಗ್' ವೈರ್ ಹಾಕಿದರೆ ಮೈಲೇಜ್ ಏರುತ್ತದೆಯೇ?
ಉತ್ತರ: ಇರುವ ವೈರ್ ಚೆನ್ನಾಗಿದ್ದರೆ, ಇಲ್ಲ.