ದುಬೈನಲ್ಲಿ ಟ್ಯಾಕ್ಸ್ ಇಲ್ಲ, ಬಾಡಿಗೆ?

ಪ್ರಶ್ನೆ: ಮಗನಿಗೆ ಬೆಂಗಳೂರಿನಲ್ಲಿ ವರ್ಷಕ್ಕೆ 12 ಲಕ್ಷ ಸಂಬಳ. ದುಬೈನಿಂದ 20 ಲಕ್ಷದ ಆಫರ್ ಬಂದಿದೆ. ಅಲ್ಲಿ ತೆರಿಗೆಯೇ ಇಲ್ಲ ಅಂತ ಹೊರಟು ನಿಂತಿದ್ದಾನೆ. ಕಳಿಸಲಾ?
– ಒಬ್ಬ ತಾಯಿ, ವಿರಾಜಪೇಟೆ

ಉತ್ತರ: ಅಮ್ಮಾ, ನಾನು ಅಲ್ಲಿ ಒಂಬತ್ತು ವರ್ಷ ದುಡಿದು ಸೋಮವಾರಪೇಟೆಗೆ ವಾಪಸ್ ಬಂದವನು. ಸಂಬಳದ ಮೇಲೆ ತೆರಿಗೆ ಇಲ್ಲ, ನಿಜ. ಆದರೆ ಇಲ್ಲೂ 2025-26ರಿಂದ ಹೊಸ ತೆರಿಗೆ ಪದ್ಧತಿಯಲ್ಲಿ 12.75 ಲಕ್ಷದವರೆಗಿನ ಸಂಬಳಕ್ಕೆ ತೆರಿಗೆ ಬೀಳುವುದಿಲ್ಲ. ಬೇರೆ ಆದಾಯ ಇಲ್ಲದಿದ್ದರೆ ನಿಮ್ಮ ಮಗ ಈಗಲೂ ಕಟ್ಟಬೇಕಿಲ್ಲ, ಅಲ್ವಾ? ಹಾಗಾಗಿ ಟ್ಯಾಕ್ಸ್ ಉಳಿಯುತ್ತೆ ಅನ್ನೋ ಮಾತನ್ನು ಪಕ್ಕಕ್ಕಿಡಿ.

ಮೊದಲು ಬಾಡಿಗೆ ಕೇಳಿ. ಸಂಬಳ ನುಂಗುವುದು ಅದೇ. ನಾನು ವರ್ಷದ ಬಾಡಿಗೆಗೆ ನಾಲ್ಕು ಚೆಕ್ ಮುಂಚೆಯೇ ಬರೆದುಕೊಡುತ್ತಿದ್ದೆ. ಅದರ ಮೇಲೆ ಕರೆಂಟ್ ಬಿಲ್ಲಿನಲ್ಲಿ ಇನ್ನೊಂದು ಸಾಲು: ಹೌಸಿಂಗ್ ಶುಲ್ಕ. ವರ್ಷದ ಬಾಡಿಗೆಯ ಶೇ 5, ತಿಂಗಳು ತಿಂಗಳು ಹಂಚಿ ಹಾಕುತ್ತಾರೆ. ಮೊದಲ ಸಲ ಆ ಬಿಲ್ ಹಿಡಿದು ಮೂರು ಸಲ ಕೂಡಿಸಿ ನೋಡಿದ್ದೆ. ಜುಲೈನಲ್ಲಿ ನಮ್ಮೂರಲ್ಲಿ ಕಂಬಳಿ ಹೊದ್ದು ಒಲೆ ಮುಂದೆ ಕೂರುತ್ತೇವೆ. ಅಲ್ಲಿ ಹಗಲೂ ರಾತ್ರಿ ಏಸಿ ಓಡಲೇಬೇಕು. 2018ರಿಂದ ಕೊಳ್ಳುವ ಸಾಮಾನಿನ ಮೇಲೆ ಶೇ 5 ವ್ಯಾಟ್ ಕೂಡ ಇದೆ.

ಕಂಪನಿಯೇ ಮನೆ ಕೊಡುತ್ತಾ? ಹಾಗಿದ್ದರೆ ಖುಷಿಯಿಂದ ಕಳಿಸಿ. ಇಲ್ಲದಿದ್ದರೆ ಬಾಡಿಗೆ, ಬಿಲ್, ಊಟ ಕಳೆದು ಕೈಯಲ್ಲಿ ಎಷ್ಟು ಉಳಿಯುತ್ತೆ ಅಂತ ಅವನ ಕೈಲೇ ಬರೆಸಿ. ಆ ಚೀಟಿ ನನಗೂ ಕಳಿಸಿ, ನೋಡಿ ಹೇಳುತ್ತೇನೆ.