ವಿಮಾನದ ಬಿಡಿಭಾಗಗಳನ್ನು ಒಂದೇ ಕಡೆಯಿಂದ ಕೊಂಡರೆ ಅಗ್ಗವಲ್ಲವೇ?

ಅಗ್ಗ ಹೌದು, ಆದರೆ ಅಪಾಯ. ನಮ್ಮ ಕೊಡಗಿನಲ್ಲಿ ಕಾಫಿ ತೋಟದ ನೆರಳಿನ ಮರಗಳಿಗೆ ಕರಿಮೆಣಸಿನ ಬಳ್ಳಿ ಹಬ್ಬಿಸುತ್ತೇವಲ್ಲ, ಒಂದರ ಬೆಲೆ ಬಿದ್ದಾಗ ಇನ್ನೊಂದು ಕೈಹಿಡಿಯಲೆಂದು. ಒಂದೇ ಕಡೆ ನೆಚ್ಚಿಕೊಳ್ಳುವುದರ ಅಪಾಯ ವಿಮಾನ ಉದ್ಯಮಕ್ಕೆ ಚೆನ್ನಾಗಿ ತಿಳಿದದ್ದು ವಿಮಾನದ ಭಾಗಗಳಿಗೆ ಬಳಸುವ ಹಗುರವಾದ, ಗಟ್ಟಿ ಲೋಹ ಟೈಟಾನಿಯಂನಿಂದ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ವಿಮಾನ ತಯಾರಿಸುವ ಬೋಯಿಂಗ್ ಕಂಪನಿ ರಷ್ಯಾದ ಟೈಟಾನಿಯಂ ಖರೀದಿ ನಿಲ್ಲಿಸಿತು. ಇನ್ನೊಂದು ವಿಮಾನ ಕಂಪನಿ ಏರ್‌ಬಸ್‌ಗೆ ಅದನ್ನು ಅಷ್ಟು ಬೇಗ ಬಿಡಲಾಗಲಿಲ್ಲ. ಅಂಗಡಿ ಬದಲಾಯಿಸಿದಷ್ಟು ಸುಲಭವಲ್ಲ ಇದು. ಹೊಸಬರ ಲೋಹವನ್ನು ಪರೀಕ್ಷಿಸಿ ಒಪ್ಪಿಗೆ ಕೊಡಲು ವರ್ಷಗಳೇ ಹಿಡಿಯಬಹುದು. ಹಾಗಾಗಿ ಎರಡನೇ ಪೂರೈಕೆದಾರರನ್ನು ಕಷ್ಟ ಬರುವ ಮೊದಲೇ ಬೆಳೆಸಬೇಕು.

ನಮ್ಮವರಿಗೆ ಅವಕಾಶವಿರುವುದೂ ಇಲ್ಲೇ. ಬೆಂಗಳೂರಿನ ಡೈನಮ್ಯಾಟಿಕ್ ಕಂಪನಿ 2024ರಲ್ಲಿ ಏರ್‌ಬಸ್ ಎ220 ವಿಮಾನದ ಬಾಗಿಲುಗಳ ಗುತ್ತಿಗೆ ಪಡೆಯಿತು. ಇಂಥ ಕೆಲಸಕ್ಕೆ ಕಡಿಮೆ ಕೂಲಿಯೊಂದೇ ಸಾಲದು. ಪ್ರತಿ ಭಾಗದ ಲೋಹ ಎಲ್ಲಿಂದ ಬಂತು, ಯಾರು ಪರೀಕ್ಷಿಸಿದರು ಎಂಬ ದಾಖಲೆ ಕೊನೆಯವರೆಗೂ ಜೊತೆಗಿರಬೇಕು.