ಜೇನ್ ಸುಮ್ಮನಿದ್ದವಳಲ್ಲ

ಪ್ರಶ್ನೆ: ನಾನು ಹುಬ್ಬಳ್ಳಿ ಕಡೆಯವಳು, ಈಗ ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿದ್ದೇನೆ. ಮನಸಾರೆ ಒಪ್ಪಿ ಮಾರ್ಮನ್ ಎಂಬ ಪಂಗಡದ ಚರ್ಚ್ ಸೇರಿದೆ. ಈಚೆಗೆ ಜೇನ್ ಮ್ಯಾನಿಂಗ್ ಜೇಮ್ಸ್ ಎಂಬ ಕಪ್ಪು ಹೆಣ್ಣುಮಗಳ ಕಥೆ ಓದಿದಾಗಿನಿಂದ ನಿದ್ದೆ ಬರುತ್ತಿಲ್ಲ. ಚರ್ಚಿನ ಹಿರಿಯರೊಬ್ಬರಿಗೆ ಹೇಳಿಕೊಂಡರೆ, 'ಅವಳೇ ತಾಳಿಕೊಂಡಳು, ನಿನಗೇನು?' ಎಂದರು. ಇರಲೋ, ಬಿಡಲೋ?

ಉತ್ತರ: ಜೇನ್ ಪಟ್ಟ ಪಾಡು ಓದಿದರೆ ಯಾರಿಗೂ ನಿದ್ದೆ ಬರಲಿಕ್ಕಿಲ್ಲ. ಕನೆಕ್ಟಿಕಟ್‌ನ ಈಕೆ ಮತಾಂತರವಾಗಿ 1843ರಲ್ಲಿ ಮನೆಮಂದಿಯ ಜೊತೆ ಆಗ ಮಾರ್ಮನ್ನರು ನೆಲೆಸಿದ್ದ ಇಲಿನಾಯ್ ರಾಜ್ಯದ 'ನಾವೂ' (Nauvoo) ಎಂಬ ಊರಿಗೆ ಹೊರಟಳು. ಬಫಲೋದಲ್ಲಿ ಹಡಗು ಹತ್ತಲು ಬಿಡಲಿಲ್ಲ. ಅಲ್ಲಿಂದ ಸುಮಾರು 800 ಮೈಲಿ ನಡಿಗೆ. ಬೂಟು ಸವೆದು, ಪಾದ ಬಿರಿದು, ನೆಲದ ಮೇಲೆ ರಕ್ತದ ಹೆಜ್ಜೆ ಮೂಡುತ್ತಿತ್ತು ಎಂದು ಮುಪ್ಪಿನಲ್ಲಿ ಆಕೆಯೇ ಹೇಳಿ ಬರೆಸಿದ್ದಾಳೆ. 1847ರಲ್ಲಿ ಗಂಡ ಮಕ್ಕಳೊಡನೆ ನೀವಿರುವ ಕಣಿವೆಗೇ ಬಂದು ನೆಲೆಸಿದಳು. 1849ರಲ್ಲಿ ಎಲೈಜಾ ಲೈಮನ್ ಎಂಬಾಕೆಯ ಮನೆಯಲ್ಲಿ ತಿನ್ನಲು ಏನೂ ಇಲ್ಲದಾಗ, ತನ್ನಲ್ಲಿದ್ದ ಹಿಟ್ಟಿನಲ್ಲಿ ಹೆಚ್ಚುಕಮ್ಮಿ ಅರ್ಧ ಕೊಟ್ಟಳು. ಆ ಅರ್ಧ ಎಂದರೆ ಎರಡು ಪೌಂಡ್, ಒಂದು ಕೆಜಿಯೂ ಇಲ್ಲ ನೋಡಿ.

ಇಷ್ಟಾದರೂ ಕಪ್ಪು ಜನ ಎಂಬ ಒಂದೇ ಕಾರಣಕ್ಕೆ ಮಾರ್ಮನ್ನರ ಮಂದಿರದಲ್ಲಿ (ಟೆಂಪಲ್) ನಡೆಯುವ ಮುಖ್ಯ ವಿಧಿಗಳು ಆಕೆಗೆ ಸಿಗಲಿಲ್ಲ. ಸತ್ತ ಮೇಲೂ ಉಳಿಯುವ ನಂಟು ಬೆಸೆಯುತ್ತದೆ ಎಂದು ಅವರು ನಂಬುವ ವಿಧಿಯೊಂದಿದೆ. ಅದರಿಂದ ಆಕೆ ಕೇಳಿದ್ದು ಚರ್ಚ್ ಸ್ಥಾಪಕ ಜೋಸೆಫ್ ಸ್ಮಿತ್ ಮನೆಯ ಮಗಳ ಸ್ಥಾನ. 1894ರಲ್ಲಿ ಕೊಟ್ಟಿದ್ದು ಸೇವಕಿಯ ಸ್ಥಾನ. ಆ ವಿಧಿಗೂ ಆಕೆಯನ್ನು ಮಂದಿರದ ಒಳಗೆ ಬಿಡಲಿಲ್ಲ, ಆಕೆಯ ಪರವಾಗಿ ಇನ್ನೊಬ್ಬಾಕೆ ನಿಂತಳು. ಇದನ್ನು ಬರೆಯುವಾಗ ನನ್ನ ಕರುಳೂ ಕಿವುಚುತ್ತದೆ.

ನಿಮ್ಮ ಹಿರಿಯರು ಅರ್ಧ ಮಾತ್ರ ಹೇಳಿದ್ದಾರೆ. ಜೇನ್ ಚರ್ಚ್ ಬಿಡಲಿಲ್ಲ, ನಿಜ. ಹಾಗಂತ ಬಾಯಿ ಮುಚ್ಚಿಕೊಂಡೂ ಇರಲಿಲ್ಲ. ನನಗೂ ಆಶೀರ್ವಾದ ಇಲ್ಲವೇ ಎಂದು 1884ರಲ್ಲಿ ಚರ್ಚಿನ ಅಧ್ಯಕ್ಷ ಜಾನ್ ಟೇಲರ್‌ಗೇ ಪತ್ರ ಕಳಿಸಿದಳು. ಅಧ್ಯಕ್ಷರು ಬದಲಾದರು, ಆಕೆ ಕೇಳುವುದು ನಿಲ್ಲಲಿಲ್ಲ. ಸೇವಕಿ ಎಂದ ಮೇಲೂ ಕೇಳಿದಳು. 1908ರಲ್ಲಿ ತೀರಿಕೊಂಡಳು. ಕಪ್ಪು ಜನರಿಗಿದ್ದ ಆ ನಿಷೇಧ ಹೋಗಿದ್ದು 1978ರಲ್ಲಿ. ಮರುವರ್ಷ ಆಕೆಯ ಹೆಸರಿನಲ್ಲಿ, ಆಕೆಗೆ ಸಿಗದಿದ್ದ ಮಂದಿರದ ವಿಧಿ ನಡೆಯಿತು. ಇಷ್ಟು ತಡವಾಗಿ ಸಿಕ್ಕಿದ್ದನ್ನು ನ್ಯಾಯ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಹಾಗಾಗಿ ಜೇನ್ ಹೆಸರು ಹೇಳಿ ಯಾರಾದರೂ ನಿಮ್ಮನ್ನು ಸುಮ್ನಿರಿಸಿದರೆ ಒಪ್ಪಬೇಡಿ. ನಿಮ್ಮ ವಾರ್ಡಿನ, ಅಂದರೆ ನೀವು ಹೋಗುವ ಸ್ಥಳೀಯ ಸಭೆಯ, ಬಿಷಪ್ ಹತ್ತಿರ ಸಮಯ ಕೇಳಿ, ಎದುರು ಕೂತು, ಈ ಇತಿಹಾಸದಿಂದ ನನಗೆ ನೋವಾಗಿದೆ ಎಂದು ನೇರವಾಗಿ ಹೇಳಿ. ಸಮಾಧಾನದಿಂದ ಕೇಳಿಸಿಕೊಳ್ಳುತ್ತಾರಾ, ಮಾತು ತೇಲಿಸುತ್ತಾರಾ ನೋಡಿ. ಕೇಳಲು ಜಾಗವಿದ್ದರೆ ಇರಿ. ಇಲ್ಲದಿದ್ದರೆ ಬಿಡಬಹುದು, ಜೇನ್ ಇದ್ದಳಲ್ಲ ಎಂಬ ಹಂಗು ನಿಮಗೆ ಬೇಡ. ಅಲ್ಲಿಯವರೆಗೆ ತೀರ್ಮಾನ ಮುಂದಕ್ಕೆ ಹಾಕಿ. ಬಿಷಪ್ ಏನಂದರು ಅಂತ ನನಗೂ ಬರೆಯಿರಿ.